ತ್ಯಾಜ್ಯನೀರಿನ ಕಣ್ಗಾವಲು

ಊರಿನ ಒಳಚರಂಡಿಯಲ್ಲಿ ಹರಿಯುವ ಕೊಳಚೆ ನೀರನ್ನು ನಿಗದಿತ ದಿನಗಳಲ್ಲಿ ತೆಗೆದು, ಅದರಲ್ಲಿ ರೋಗಾಣುವಿನ ಕುರುಹು ಇದೆಯೇ, ಇದ್ದರೆ ವಾರದಿಂದ ವಾರಕ್ಕೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಪರೀಕ್ಷಿಸಿ, ಅಲ್ಲಿನ ಜನರಲ್ಲಿ ಸೋಂಕು ಎಷ್ಟರಮಟ್ಟಿಗೆ ಹರಡಿದೆ ಎಂದು ಅಂದಾಜು ಮಾಡುವ ಕ್ರಮವೇ ತ್ಯಾಜ್ಯನೀರಿನ ಕಣ್ಗಾವಲು. ‘ಕಣ್ಗಾವಲು’ ಎಂದೊಡನೆ ಸಿಸಿಟಿವಿ ಕ್ಯಾಮೆರಾ ನೆನಪಾಗುವುದು ಸಹಜ. ಇಲ್ಲಿ ಮಾತ್ರ ಕಣ್ಣಿಟ್ಟಿರುವುದು ವ್ಯಕ್ತಿಯ ಮೇಲಲ್ಲ, ಸಾವಿರಾರು ಮನೆಗಳ ನೀರು ಒಟ್ಟಾಗಿ ಬಂದು ಸೇರುವ ಒಂದು ಕೊಳವೆಯ ಮೇಲೆ.

ಆಸ್ಪತ್ರೆಯ ಲೆಕ್ಕ ಸಾಲದೇ ಎಂಬ ಪ್ರಶ್ನೆಗೆ ಪೋಲಿಯೊ ಒಳ್ಳೆಯ ಉತ್ತರ. ಪೋಲಿಯೊ ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗಷ್ಟೇ ಕೈಕಾಲು ಸ್ವಾಧೀನ ತಪ್ಪುತ್ತದೆ. ಉಳಿದವರು ಆಸ್ಪತ್ರೆಯ ಲೆಕ್ಕಕ್ಕೆ ಸಿಗದಿದ್ದರೂ ಅವರ ಮಲದಲ್ಲಿ ವಾರಗಟ್ಟಲೆ ವೈರಸ್ ಹೊರಬೀಳುತ್ತಿರುತ್ತದೆ. 2013ರಲ್ಲಿ ದಕ್ಷಿಣ ಇಸ್ರೇಲಿನ ಕೊಳಚೆ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಾಗ ಅಲ್ಲಿ ಒಂದು ಮಗುವಿಗೂ ಕಾಲು ಸೋತಿರಲಿಲ್ಲ. ಆದರೂ ಸರ್ಕಾರ ಮಕ್ಕಳಿಗೆ ಮತ್ತೆ ಬಾಯಿ ಹನಿ ಹಾಕಿಸಿತು. ಭಾರತದಲ್ಲಿ ಪೋಲಿಯೊಗಾಗಿ ಕೊಳಚೆ ನೀರಿನ ಪರೀಕ್ಷೆ ಆರಂಭವಾದದ್ದು 2001ರಲ್ಲಿ, ಮುಂಬೈಯಲ್ಲಿ.

ಕೋವಿಡ್ ಕಾಲದಲ್ಲಿ ಹೆಸರು ಮಾಡಿದರೂ ಇದು ಹಳೆಯ ವಿದ್ಯೆ. 1940ರ ದಶಕದಲ್ಲಿ ಇಂಗ್ಲೆಂಡಿನ ಸಿಡ್ಮತ್ ಎಂಬ ಕಡಲತೀರದ ಊರಿನಲ್ಲಿ ಟೈಫಾಯ್ಡನ್ನು ಹೋಲುವ ಪ್ಯಾರಾಟೈಫಾಯ್ಡ್ ಜ್ವರ ಕಾಣಿಸಿಕೊಂಡಾಗ, ಮೂರ್ ಎಂಬ ವೈದ್ಯರೊಬ್ಬರು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಮಡಿಕೆಗಳನ್ನು ದಾರಕ್ಕೆ ಕಟ್ಟಿ ಮ್ಯಾನ್‌ಹೋಲ್‌ಗಳೊಳಗೆ ಇಳಿಬಿಟ್ಟರು. ನೀರು ಬಟ್ಟೆಯ ಮೂಲಕ ಹರಿದುಹೋಗುವಾಗ ಬ್ಯಾಕ್ಟೀರಿಯಾ ಅದರ ಎಳೆಗಳಿಗೆ ಅಂಟುತ್ತದೆ. ಎರಡು ಚರಂಡಿಗಳು ಕೂಡುವಲ್ಲಿ ಯಾವ ಕವಲಿನ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಿತೋ ಆ ಕವಲನ್ನೇ ಹಿಡಿದು ಮೇಲಕ್ಕೆ ಸಾಗುತ್ತ, ಕೊನೆಗೆ ಸೋಂಕು ಹೊತ್ತಿದ್ದವರ ಮನೆಯನ್ನೇ ತಲುಪಿದರು. ಇದೇ ತಂತ್ರ ಇಂದಿಗೂ ‘ಮೂರ್ ಸ್ವಾಬ್’ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ವ್ಯಕ್ತಿಯ ಮೇಲಲ್ಲ ಎಂದು ಮೇಲೆ ಹೇಳಿದ ಮಾತು ಮಾದರಿಯನ್ನು ಎಲ್ಲಿಂದ ತೆಗೆಯುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂಬುದೂ ಇದರಿಂದ ಗೊತ್ತಾಗುತ್ತದೆ.

ಈಗಿನ ಕ್ರಮದಲ್ಲಿ ಸಾಧ್ಯವಿದ್ದೆಡೆ ಶುದ್ಧೀಕರಣ ಘಟಕದ ಬಾಯಲ್ಲಿ 24 ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವೇ ನೀರನ್ನು ಸಂಗ್ರಹಿಸಿ, ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಸಾಗಿಸಿ, ಅದರಲ್ಲಿರುವ ವೈರಸ್ ಅಂಶವನ್ನು ಸಾಂದ್ರಗೊಳಿಸಿ, ಆರ್‌ಟಿ-ಪಿಸಿಆರ್ ವಿಧಾನದಿಂದ ಅಳೆಯುತ್ತಾರೆ. ಇಲ್ಲೊಂದು ತೊಡಕಿದೆ. ಮಳೆ ಸುರಿದ ದಿನ ಚರಂಡಿಯ ನೀರು ತೆಳುವಾಗಿ, ಸೋಂಕು ಇಳಿಯದಿದ್ದರೂ ಇಳಿದಂತೆ ತೋರುತ್ತದೆ. ಆದ್ದರಿಂದ ನೀರಿನಲ್ಲಿ ಮನುಷ್ಯರ ಮಲ ಎಷ್ಟಿದೆ ಎಂದು ತಿಳಿಯಲು ಒಂದು ಅಳತೆಗೋಲು ಬೇಕು. ಅದಕ್ಕೆ ಹೆಚ್ಚಾಗಿ ಬಳಸುವುದು ಮೆಣಸಿನ ಗಿಡಕ್ಕೆ ತಗಲುವ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ಸನ್ನು. ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ ಮತ್ತು ಅವುಗಳಿಂದ ಮಾಡಿದ ಪದಾರ್ಥಗಳ ಜೊತೆ ಹೊಟ್ಟೆ ಸೇರುವ ಈ ವೈರಸ್ ನಮಗೆ ರೋಗ ತರದೆ ಹೇರಳವಾಗಿ ಹೊರಬೀಳುತ್ತದೆ. ಖಾರವಿಲ್ಲದೆ ಊಟ ಸೇರದ ನಮ್ಮ ಕಡೆ ಅದಕ್ಕೆ ಬರವಿರಲಾರದು.

ಬೆಂಗಳೂರಿನಲ್ಲಿ ವಿಜ್ಞಾನಿಗಳು 2022ರಲ್ಲಿ 28 ಶುದ್ಧೀಕರಣ ಘಟಕಗಳ ನೀರಿನಲ್ಲಿ ಕೊರೊನಾ ವೈರಸ್ಸಿನ ಪ್ರಮಾಣವನ್ನೂ ಅದರ ತಳಿಗಳನ್ನೂ ಗುರುತಿಸುತ್ತ ಬಂದರು. ಪರೀಕ್ಷೆಗೆ ಮೂಗು ಒಡ್ಡುವವರು ಕಡಿಮೆಯಾದಾಗಲೂ ಚರಂಡಿಯ ಮಾಹಿತಿ ನಿಲ್ಲುವುದಿಲ್ಲ ಎಂಬುದು ಈ ಕ್ರಮದ ದೊಡ್ಡ ಅನುಕೂಲ.

ಆದರೆ ಚರಂಡಿಯ ನೀರನ್ನು ನೋಡಿ ರೋಗಿಗಳ ತಲೆ ಎಣಿಸಲಾಗದು. ಒಬ್ಬೊಬ್ಬರ ಮಲದಲ್ಲಿ ವೈರಸ್ಸಿನ ಪ್ರಮಾಣ ಒಂದೊಂದು ಬಗೆಯಾಗಿರುತ್ತದೆ. ಪಿಸಿಆರ್ ಪತ್ತೆಹಚ್ಚುವುದು ಆನುವಂಶಿಕ ವಸ್ತುವಿನ ತುಣುಕನ್ನಾದ್ದರಿಂದ, ವೈರಸ್ ಜೀವಂತವಾಗಿದೆ ಎಂದೂ ಅದರಿಂದ ಹೇಳಲು ಬಾರದು. ಇನ್ನು ಶೌಚಗುಂಡಿಯನ್ನೋ ಸೆಪ್ಟಿಕ್ ಟ್ಯಾಂಕನ್ನೋ ನೆಚ್ಚಿಕೊಂಡ ಮನೆಗಳು ಕೊಳವೆಯ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಒಳಚರಂಡಿ ಜಾಲವಿಲ್ಲದ ಇಂಥ ಕಡೆಗಳಲ್ಲಿ ಪೋಲಿಯೊ ಪರೀಕ್ಷೆಗೆ ತೆರೆದ ಚರಂಡಿಯಿಂದಲೋ ನಾಲೆಯಿಂದಲೋ ನೇರವಾಗಿ ನೀರು ತುಂಬಿಕೊಳ್ಳುವ ರೂಢಿಯಿದೆ.