ಓದುಗರ ಪ್ರಶ್ನೆ: ಪಿಯಾನೋದ ಅತಿ ಕಷ್ಟದ ಕೃತಿ 'ಲಾ ಕಂಪನೆಲ್ಲಾ'ನಾ?

ಪ್ರಶ್ನೆ: ನನ್ನ ಮಗ ಪಿಯಾನೋ ಕಲಿಯುತ್ತಿದ್ದಾನೆ. ಟ್ರಿನಿಟಿ ಮೂರನೇ ಗ್ರೇಡ್ ಮುಗಿದಿದೆ. ಈಗ ಲಿಸ್ಟ್‌ನ 'ಲಾ ಕಂಪನೆಲ್ಲಾ' ಕೇಳಿ, ನುಡಿಸಿದರೆ ಅದನ್ನೇ ನುಡಿಸೋದು ಅಂತ ಹಟ ಹಿಡಿದಿದ್ದಾನೆ. ರೊಮ್ಯಾಂಟಿಕ್ ಕಾಲದ (ಹೆಚ್ಚುಕಡಿಮೆ 19ನೇ ಶತಮಾನದ) ಪಿಯಾನೋ ಸಂಗೀತದಲ್ಲಿ ಅದಕ್ಕಿಂತ ಕಷ್ಟದ್ದು ಇಲ್ಲವಂತೆ. ನಿಜಾನಾ? ಅಲ್ಲದಿದ್ದರೆ ಯಾವುದು? ಅವನಿಗೆ ಏನು ಹೇಳಲಿ? (ಮೈಸೂರಿನ ಓದುಗರೊಬ್ಬರು)

ಉತ್ತರ: ನಿಜ ಅಲ್ಲ. ಕಷ್ಟದ್ದು ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಿಸ್ಟ್ ಬರೆದದ್ದನ್ನಷ್ಟೇ ಸಾಲಾಗಿ ಇಟ್ಟರೂ ಇದು ಮೊದಲ ಐದರಲ್ಲಿ ಬರುವುದು ನನಗೆ ಅನುಮಾನ. ಹಾಗಿದ್ದೂ ಎಲ್ಲರ ಬಾಯಲ್ಲೂ ಇದೇ ಹೆಸರು ಯಾಕೆ? ಇದರ ಕಷ್ಟ ಕಣ್ಣಿಗೆ ಕಾಣುತ್ತದೆ, ಅದಕ್ಕೆ. ಬಲಗೈ ಆ ಕಡೆಯಿಂದ ಈ ಕಡೆಗೆ ಹಾರುತ್ತಲೇ ಇರುತ್ತದೆ, ನೋಡುವವರ ಎದೆ ಝಲ್ ಅನ್ನುತ್ತದೆ. ಪಿಯಾನೋದ ದೊಡ್ಡ ಕಷ್ಟಗಳು ಬಹಳ ಸಲ ಕಣ್ಣಿಗೂ ಕಾಣುವುದಿಲ್ಲ, ಕಿವಿಗೂ ಬೀಳುವುದಿಲ್ಲ.

ಮೊದಲು ಈ ಕೃತಿಯ ಕಥೆ. 1832ರಲ್ಲಿ ಪ್ಯಾರಿಸ್‌ನಲ್ಲಿ ಕಾಲರಾ ಹಬ್ಬಿತ್ತು. ಏಪ್ರಿಲ್‌ನಲ್ಲಿ ರೋಗಿಗಳ ನೆರವಿಗೆಂದು ಪಗನಿನಿ ಒಂದು ಪಿಟೀಲು ಕಚೇರಿ ಕೊಟ್ಟ. ಕೇಳಲು ಬಂದವರಲ್ಲಿ 20 ವರ್ಷದ ಫ್ರಾನ್ಜ್ ಲಿಸ್ಟ್ ಕೂಡ ಇದ್ದ. ಒಂದು ಪಿಟೀಲಿನಿಂದ ಇಷ್ಟೆಲ್ಲ ಹೊರಡಿಸಬಹುದಾದರೆ ಪಿಯಾನೋದಿಂದ ಯಾಕಾಗಬಾರದು ಅನ್ನುವ ಹುಚ್ಚು ಅವನಿಗೆ ಹಿಡಿಯಿತು. ದಿನಕ್ಕೆ ನಾಲ್ಕೈದು ಗಂಟೆ ಬರೀ ಬೆರಳಿನ ಕಸರತ್ತೇ ಮಾಡುತ್ತಿದ್ದೇನೆ ಅಂತ ಗೆಳೆಯನಿಗೆ ಕಾಗದ ಬರೆದ. ಪಗನಿನಿಯ ಎರಡನೇ ಪಿಟೀಲು ಕಾನ್ಸರ್ಟೊದ ಕೊನೆಯ ಭಾಗದಲ್ಲಿ ಸಣ್ಣ ಗಂಟೆಯೊಂದು ಟಿಣ್ ಟಿಣ್ ಅನ್ನುತ್ತದೆ. ಲಿಸ್ಟ್ ಆ ಧಾಟಿಯನ್ನು ಎತ್ತಿಕೊಂಡು ಮತ್ತೆ ಮತ್ತೆ ತಿದ್ದಿ ಬರೆದ. ಈಗ ಎಲ್ಲರೂ ನುಡಿಸುವುದು 1851ರ ರೂಪ. 1838ರದ್ದು ಇದಕ್ಕಿಂತ ಒರಟು, ಕೈಗೆ ಇನ್ನೂ ಕಷ್ಟ. ಅಂದರೆ ನಿಮ್ಮ ಮಗ ಕೇಳಿ ಮರುಳಾದದ್ದು ಲಿಸ್ಟ್ ತಾನೇ ಹಗುರ ಮಾಡಿದ ಆವೃತ್ತಿ!

ಇದರಲ್ಲಿ ಬಲಗೈ ಮಾಡುವ ಕೆಲಸ ಏನು? ಒಂದು ಸ್ವರ ಧಾಟಿಯದ್ದು, ಮರುಕ್ಷಣ ಮೇಲೆಲ್ಲೋ ಗಂಟೆಯ ಸ್ವರ, ಮತ್ತೆ ಕೆಳಗೆ ಧಾಟಿ. ಪಿಯಾನೋದಲ್ಲಿ ಒಂದು ಆಕ್ಟೇವ್, ಅಂದರೆ ನಮ್ಮ ಒಂದು ಸ್ಥಾಯಿ, ಸುಮಾರು 16.5 ಸೆಂಟಿಮೀಟರ್ ಅಗಲ. ಕೆಲವು ಕಡೆ ಕೈ ಎರಡು ಆಕ್ಟೇವ್ ಹಾರಬೇಕು. ಒಂದು ಅಡಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಆದರೆ ಇಲ್ಲೊಂದು ಸಮಾಧಾನ ಇದೆ. ಆ ಗಂಟೆಯ ಸ್ವರ ಹೆಚ್ಚಿನ ಕಡೆ ಒಂದೇ, ಡಿ ಶಾರ್ಪ್ ಅನ್ನುವ ಕಪ್ಪು ಕೀ. ಇಳಿಯುವ ಜಾಗ ಬದಲಾಗದಿದ್ದರೆ ತೋಳು ದೂರವನ್ನು ಬಾಯಿಪಾಠ ಮಾಡಿಕೊಳ್ಳುತ್ತದೆ. ನೋಡುವವರಿಗೆ ಭಯ ಹುಟ್ಟಿಸುವ ಆ ಹಾರಾಟವೇ ಅಭ್ಯಾಸಕ್ಕೆ ಬೇಗ ಬಗ್ಗುತ್ತದೆ. ಕೈ ಕೊಡುವುದು ಬೇರೆ ಜಾಗದಲ್ಲಿ. ಉಂಗುರಬೆರಳು, ಕಿರುಬೆರಳು ಎರಡರಲ್ಲೇ ಅಕ್ಕಪಕ್ಕದ ಸ್ವರಗಳನ್ನು ಸರದಿಯಲ್ಲಿ ಪಟಪಟ ನುಡಿಸುತ್ತಾ ಉದ್ದಕ್ಕೆ ಎಳೆಯುವ ಕಂಪನ ಇದೆ. ಒಂದೇ ಕೀಯನ್ನು ಬೆರಳು ಬದಲಿಸುತ್ತಾ ಪಟಪಟ ಹೊಡೆಯುವ ಜಾಗ ಇದೆ. ಈ ಎರಡನೆಯದಕ್ಕೆ ವಾದ್ಯವೂ ಸಹಕರಿಸಬೇಕು. 1821ರಲ್ಲಿ ಪ್ಯಾರಿಸ್‌ನ ಸೆಬಾಸ್ಟಿಯನ್ ಎರಾರ್ ಹೊಸ ಯಂತ್ರವ್ಯವಸ್ಥೆಗೆ ಪೇಟೆಂಟ್ ಪಡೆದ. ಅದರಿಂದ ಕೀ ಪೂರ್ತಿ ಮೇಲಕ್ಕೆ ಬರುವ ಮೊದಲೇ ಅದನ್ನು ಮತ್ತೆ ಒತ್ತಿ ಸ್ವರ ಹೊರಡಿಸುವುದು ಸಾಧ್ಯವಾಯಿತು. ಅದಿಲ್ಲದೆ ಲಿಸ್ಟ್‌ನ ಅರ್ಧ ಆಟ ನಡೆಯುತ್ತಿರಲಿಲ್ಲ.

ಈಗ ಇನ್ನೊಂದು ತುದಿಗೆ ಬನ್ನಿ. ಶೋಪಾನ್‌ನ ಓಪಸ್ (ಕೃತಿಸಂಖ್ಯೆ) 10ರ ಎರಡನೇ ಎಟ್ಯೂಡ್, ಅಂದರೆ ಅಭ್ಯಾಸಕ್ಕೆಂದು ಬರೆದ ಕೃತಿ. 1833ರಲ್ಲಿ ಅಚ್ಚಾದ ಈ ಸಂಪುಟವನ್ನು ಶೋಪಾನ್ ಅರ್ಪಿಸಿದ್ದು ಲಿಸ್ಟ್‌ಗೇ. ಕೃತಿ ಒಂದೂವರೆ ನಿಮಿಷವೂ ಇಲ್ಲ. ಸದ್ದು ಜೋರಿಲ್ಲ, ಕೈ ಎಲ್ಲೂ ಹಾರುವುದಿಲ್ಲ. ದೂರದಲ್ಲಿ ಕೂತವರಿಗೆ ಏನೋ ಸರಸರ ಹರಿದುಹೋದ ಹಾಗೆ ಕೇಳಿಸುತ್ತದೆ, ಅಷ್ಟೇ. ಆದರೆ ಪಿಯಾನೋ ನುಡಿಸುವವರನ್ನು ಕೇಳಿ, ಇದರ ಹೆಸರೆತ್ತಿದರೆ ಮುಖ ಸಪ್ಪಗಾಗುತ್ತದೆ.

ಯಾಕೆ ಅನ್ನುವುದನ್ನು ಪಿಯಾನೋ ಇಲ್ಲದೆಯೇ ನೋಡಬಹುದು. ಅಂಗೈಯನ್ನು ಮೇಜಿನ ಮೇಲೆ ಇಡಿ. ನಡುಬೆರಳನ್ನು ಒಳಕ್ಕೆ ಮಡಿಸಿ. ಈಗ ಉಂಗುರಬೆರಳೊಂದನ್ನೇ ಎತ್ತಿ ನೋಡೋಣ. ಏಳುವುದಿಲ್ಲ, ಅಲ್ವಾ? ನಡುಬೆರಳು, ಉಂಗುರಬೆರಳು, ಕಿರುಬೆರಳುಗಳನ್ನು ಎತ್ತುವ ನರದಂಥ ಎಳೆಗಳು ಕೈಯ ಹಿಂಭಾಗದಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದು ಹೋಗುವುದಿಲ್ಲ. ಶೋಪಾನ್ ಇಡೀ ಓಟವನ್ನು ಕೊಟ್ಟಿರುವುದು ಸರಿಯಾಗಿ ಈ ಮೂರು ಬೆರಳಿಗೆ! ಹೆಬ್ಬೆರಳು, ತೋರುಬೆರಳು ಅದೇ ಹೊತ್ತಿಗೆ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳನ್ನು, ಅಂದರೆ ಪುಟ್ಟ ಕಾರ್ಡ್‌ಗಳನ್ನು ಒತ್ತುತ್ತಿರಬೇಕು. ಅವನು ಬರೆದ ವೇಗ ನಿಮಿಷಕ್ಕೆ 144 ಬೀಟ್, ಬೀಟಿಗೆ ನಾಲ್ಕು ಸ್ವರ. ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂಬತ್ತಕ್ಕೂ ಜಾಸ್ತಿ ಸ್ವರ, ಕೈಯ ದುರ್ಬಲ ಬೆರಳುಗಳಲ್ಲಿ, ಸ್ವರಗಳ ನಡುವೆ ಕಿಂಚಿತ್ತೂ ಸಂದು ಬಿಡದೆ. ಯಾವ ಸ್ವರಕ್ಕೆ ಯಾವ ಬೆರಳು ಅಂತ ಬಹುಮಟ್ಟಿಗೆ ಎಲ್ಲ ಕಡೆ ಶೋಪಾನ್ ತಾನೇ ನಮೂದಿಸಿದ್ದಾನೆ. ತಪ್ಪಿಸಿಕೊಳ್ಳಲು ದಾರಿಯೇ ಬಿಟ್ಟಿಲ್ಲ. ಅವನ ಕಾಲದ ಪಿಯಾನೋಗಳ ಕೀ ಈಗಿನದಕ್ಕಿಂತ ಹಗುರ ಇದ್ದವು ಅನ್ನುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಇಂದಿನ ಕನ್ಸರ್ಟ್ ಗ್ರ್ಯಾಂಡ್‌ನಲ್ಲಿ ಅದೇ ವೇಗ ಇನ್ನೂ ದುಬಾರಿ.

ನಮ್ಮ ಕಚೇರಿಗಳಲ್ಲೂ ಹೀಗೇ ತಾನೆ? ತನಿ ಆವರ್ತನದ ಕೊನೆಯ ಕೋರ್ವೆಗೆ ಸಭೆ ಪೂರ್ತಿ ಚಪ್ಪಾಳೆ. ವಿಳಂಬ ಕಾಲದಲ್ಲಿ ತಾಳ ಜಾರದಂತೆ ಕೂರುವುದರ ಕಷ್ಟ ಪಕ್ಕದಲ್ಲಿ ಕೂತ ವಿದ್ವಾಂಸರಿಗೆ ಮಾತ್ರ ಗೊತ್ತು.

ಲಿಸ್ಟ್‌ನಲ್ಲೂ ಇಂಥದ್ದೊಂದಿದೆ. ಅವನ 12 ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳಲ್ಲಿ ಐದನೆಯದು, 'ಫೂ ಫೊಲೆ'. ಅಂದರೆ ಕೊಳ್ಳಿದೆವ್ವ. ಬಲಗೈಯಲ್ಲಿ ಜೋಡಿ ಜೋಡಿ ಸ್ವರಗಳು ಓಡಬೇಕು, ಜೋಡಿಯ ಅಂತರ ಮತ್ತೆ ಮತ್ತೆ ಬದಲಾಗುತ್ತದೆ, ಇಷ್ಟೆಲ್ಲ ಬಹುಪಾಲು ಪಿಸುಮಾತಿನ ಮಟ್ಟದಲ್ಲಿ. ಜೋರಾಗಿ ಹೊಡೆಯುವಾಗ ಒಂದೆರಡು ಸ್ವರ ತಪ್ಪಿದರೆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಮುಚ್ಚಲು ಏನೂ ಇಲ್ಲ. ಸೋವಿಯತ್ ಪಿಯಾನೋವಾದಕ ಸ್ವಿಯತೊಸ್ಲಾವ್ ರಿಕ್ಟರ್ 1958ರಲ್ಲಿ ಬಲ್ಗೇರಿಯಾದ ಸೋಫಿಯಾ ನಗರದ ಕಚೇರಿಯಲ್ಲಿ ಇದನ್ನು ನುಡಿಸಿದ ಧ್ವನಿಮುದ್ರಣ ಸಿಗುತ್ತದೆ. ನೇರ ಕಚೇರಿಯದ್ದು, ಸಭಿಕರ ಕೆಮ್ಮು ಸಮೇತ. 'ಲಾ ಕಂಪನೆಲ್ಲಾ' ಆದ ಮೇಲೆ ಇದನ್ನು ಕೇಳಿಸಿ ನೋಡಿ.

ಈ ಎಟ್ಯೂಡ್‌ಗಳ ಹಿಂದಿನ ರೂಪ 1830ರ ದಶಕದ ಕೊನೆಯಲ್ಲಿ ಅಚ್ಚಾಗಿತ್ತು. ಅದರ ವಿಮರ್ಶೆ ಬರೆದ ಜರ್ಮನ್ ಸಂಗೀತಕಾರ ರಾಬರ್ಟ್ ಶೂಮನ್, ಇವನ್ನು ನುಡಿಸಬಲ್ಲವರು ಜಗತ್ತಿನಲ್ಲಿ ಹೆಚ್ಚೆಂದರೆ ಹತ್ತೋ ಹನ್ನೆರಡೋ ಮಂದಿ ಅಂದ. ಲಿಸ್ಟ್ 1852ರ ಪ್ರಕಟಣೆಯಲ್ಲಿ ಅದನ್ನೂ ತಿಳಿ ಮಾಡಿದ. ಇನ್ನು ಶೂಮನ್ ಏನು ಕಡಿಮೆ ಆಸಾಮಿಯಾ? ಅವನ ಎರಡನೇ ಸೊನಾಟಾದ ಆರಂಭದಲ್ಲಿ 'ಎಷ್ಟು ಸಾಧ್ಯವೋ ಅಷ್ಟು ವೇಗವಾಗಿ' ಅಂತ ಬರೆದಿದ್ದಾನೆ. ಅದೇ ಭಾಗದ ಕೊನೆಗೆ ಬಂದರೆ 'ಇನ್ನೂ ವೇಗ' ಅಂತಿದೆ. ಆಮೇಲೆ ಮತ್ತೆ, 'ಅದಕ್ಕಿಂತಲೂ ವೇಗ'. ಬರೆಯುವಾಗ ನಗುತ್ತಿದ್ದನೋ ಏನೋ.

ಆದರೆ ಕಡಿವಾಣವಿಲ್ಲದ ಆರ್ಭಟದ ಸಂಗೀತವೇ ಬೇಕಾದರೆ ರಷ್ಯಾಕ್ಕೆ ಹೋಗಬೇಕು. ಅಲ್ಲಿನ ಸಂಗೀತಕಾರ ಬಲಾಕಿರೆವ್ ಕಾಕಸಸ್ ಪರ್ವತಸೀಮೆ ಸುತ್ತಿ ಅಲ್ಲಿನ ಕುಣಿತದ ಧಾಟಿಗಳನ್ನು ಕೇಳಿಕೊಂಡು ಬಂದ. 1869ರಲ್ಲಿ 'ಇಸ್ಲಾಮಿ' ಬರೆದ. ಎಂಟೊಂಬತ್ತು ನಿಮಿಷ, ಉಸಿರಾಡಲು ನಡುವೆ ಒಂದೇ ಒಂದು ನಿಧಾನದ ಭಾಗ. ಬಲಾಕಿರೆವ್ ಸ್ವತಃ ಒಳ್ಳೆಯ ಪಿಯಾನೋವಾದಕ. ಆದರೂ ಇದರ ಕೆಲವು ಜಾಗ ತನ್ನ ಕೈಗೆ ದಕ್ಕುವುದಿಲ್ಲ ಅಂತ ಒಪ್ಪಿಕೊಂಡ. ಮುಂದೆ ಮಾಸ್ಕೋದಲ್ಲಿ ಓದುತ್ತಿದ್ದ ಹುಡುಗ, ಆಮೇಲೆ ದೊಡ್ಡ ಸಂಗೀತಕಾರನಾದ ಸ್ಕ್ರಿಯಾಬಿನ್, ಈ ಕೃತಿಯನ್ನೂ ಲಿಸ್ಟ್‌ನ 'ಡಾನ್ ಜುವಾನ್' ಫ್ಯಾಂಟಸಿಯನ್ನೂ ಹಿಡಿದು ವಿಪರೀತ ಅಭ್ಯಾಸ ಮಾಡಿ ಬಲಗೈ ಕೆಡಿಸಿಕೊಂಡ. ಆ ಕೈ ಸುಧಾರಿಸಲು ಬಹಳ ಸಮಯ ಹಿಡಿಯಿತು. ಅವನ ಓಪಸ್ 9ರ ಪ್ರಿಲ್ಯೂಡ್ ಮತ್ತು ನಾಕ್ಟರ್ನ್ ಎಡಗೈ ಒಂದಕ್ಕೇ ಬರೆದವು. ಎರಡು ಕೈಯ ಸಂಗೀತ ಅಂತಲೇ ಕೇಳುವವರಿಗೆ ಅನ್ನಿಸುತ್ತದೆ.

ಬ್ರಾಮ್ಸ್‌ನ ಪಗನಿನಿ ವೇರಿಯೇಶನ್ಸ್ (ಪಗನಿನಿಯ ಒಂದು ಧಾಟಿಯನ್ನು ಬಗೆಬಗೆಯಾಗಿ ಬದಲಿಸಿ ಬರೆದದ್ದು) ಕೂಡ ಈ ಸಾಲಿನದ್ದೇ. ಶೂಮನ್‌ನ ಹೆಂಡತಿ, ಆ ಕಾಲದ ದೊಡ್ಡ ವಾದಕಿ ಕ್ಲಾರಾ, ಅದಕ್ಕೆ ಮಾಟಗಾತಿಯ ವೇರಿಯೇಶನ್ಸ್ ಅಂತ ಹೆಸರಿಟ್ಟಿದ್ದಳು. ಅದನ್ನು ಅಷ್ಟಕ್ಕೇ ಬಿಡುತ್ತೇನೆ. ಯಾಕಂದರೆ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇನ್ನೊಬ್ಬನ ಹತ್ತಿರ ಇದೆ.

ಅವನು ಶಾರ್ಲ್ ವಾಲಾಂತಿನ್ ಆಲ್ಕಾನ್, 1813ರಿಂದ 1888. ಪ್ಯಾರಿಸ್‌ನವನು, ಶೋಪಾನ್‌ನ ನೆರೆಮನೆಯವನು, ಗೆಳೆಯ. ನಡುವಯಸ್ಸಿಗೆ ಬರುವ ಹೊತ್ತಿಗೆ ಕಚೇರಿ ಕೊಡುವುದನ್ನೇ ಬಿಟ್ಟು ಸುಮಾರು 20 ವರ್ಷ ಮನೆ ಸೇರಿಕೊಂಡ. ಆ ಅಜ್ಞಾತವಾಸದಲ್ಲೇ, 1857ರಲ್ಲಿ, ಅವನ ಓಪಸ್ 39 ಹೊರಬಂತು: 12 ಎಟ್ಯೂಡ್‌ಗಳು, ಹನ್ನೆರಡು ಮೈನರ್ ಶ್ರುತಿಗಳಲ್ಲಿ. ಅವುಗಳಲ್ಲಿ 8, 9, 10ನೆಯವನ್ನು ಸೇರಿಸಿದರೆ ಒಂದು ಇಡೀ ಕಾನ್ಸರ್ಟೊ. ಕಾನ್ಸರ್ಟೊ ಅಂದರೆ ಸಾಮಾನ್ಯವಾಗಿ ಒಬ್ಬ ವಾದಕ, ಎದುರಿಗೆ ಒಂದು ಆರ್ಕೆಸ್ಟ್ರಾ. ಇಲ್ಲಿ ಆರ್ಕೆಸ್ಟ್ರಾ ಇಲ್ಲ! ಎರಡರ ಪಾಲನ್ನೂ ಒಬ್ಬನೇ ನುಡಿಸಬೇಕು. ಎಲ್ಲಿ ಮೇಳದ ಸದ್ದು, ಎಲ್ಲಿ ಒಂಟಿ ವಾದಕನ ಸದ್ದು ಅಂತ ಹಾಳೆಯಲ್ಲಿ ಗುರುತು ಹಾಕಿದ್ದಾನೆ. ಅದೇ ಹತ್ತು ಬೆರಳು ಒಮ್ಮೆ ನಗಾರಿಯ ಗುಡುಗು, ಮರುಕ್ಷಣ ಸೋಲೋ ವಾದಕನ ನಾಜೂಕು. ಮೊದಲ ಭಾಗವೊಂದೇ 1,300ಕ್ಕೂ ಹೆಚ್ಚು ಬಾರ್ (ನಮ್ಮ ತಾಳದ ಆವರ್ತದಂಥದ್ದು), ಹತ್ತಿರ ಹತ್ತಿರ ಅರ್ಧ ಗಂಟೆ. ಮೂರೂ ಸೇರಿ ಸುಮಾರು 50 ನಿಮಿಷ. ಕೊನೆಯ ಭಾಗದ ತಲೆಗೆ 'ಬಾರ್ಬರೆಸ್ಕಾ' ಅಂತ ಬರೆದಿದ್ದಾನೆ, ಅನಾಗರಿಕರ ಧಾಟಿಯಲ್ಲಿ ನುಡಿಸಿ ಅಂತ. ಅಷ್ಟು ಹೊತ್ತಿಗೆ ನುಡಿಸುವವನ ತೋಳು ಬಿದ್ದುಹೋಗಿರುತ್ತದೆ. ನನ್ನ ಲೆಕ್ಕದಲ್ಲಿ ಇದರ ನಿಜವಾದ ಕಷ್ಟ ಇರುವುದು ಇಲ್ಲೇ. ಬಿಡಿಬಿಡಿಯಾಗಿ ತೆಗೆದುಕೊಂಡರೆ ಯಾವ ಪುಟವೂ 'ಫೂ ಫೊಲೆ'ಯಷ್ಟು ಸೂಕ್ಷ್ಮ ಅಲ್ಲ. ಆದರೆ ಅರ್ಧ ಗಂಟೆಯ ಸಂಗೀತವನ್ನು ತಲೆಯಲ್ಲಿ ಒಂದೇ ಕಟ್ಟಡದಂತೆ ಹಿಡಿದುಕೊಂಡು, ಮುಂದಿನ ಭಾಗಗಳಿಗೆ ಶಕ್ತಿ ಉಳಿಸಿಕೊಂಡು ನುಡಿಸಬೇಕು. ಜಾನ್ ಆಗ್ಡನ್, ಮಾರ್ಕ್ ಆಂಡ್ರೆ ಹ್ಯಾಮಲಿನ್ ಇದನ್ನು ಧ್ವನಿಮುದ್ರಿಸಿದ್ದಾರೆ. ಹ್ಯಾಮಲಿನ್‌ನದು ಕೇಳಿ. ಕಷ್ಟ ಅನ್ನುವುದು ಮರೆತೇಹೋಗುತ್ತದೆ.

(ಆಲ್ಕಾನ್ ಕಪಾಟಿನ ಮೇಲಿನ ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ತೆಗೆಯಲು ಹೋಗಿ, ಕಪಾಟು ಮೈಮೇಲೆ ಬಿದ್ದು ಸತ್ತ ಅಂತ ಒಂದು ಕಥೆ ಓಡಾಡುತ್ತದೆ. ಚೆನ್ನಾಗಿದೆ, ಆದರೆ ಸಂಶೋಧಕರು ಅದನ್ನು ನಂಬುವುದಿಲ್ಲ.)

ನೀವು ಮೈಸೂರಿನವರಾದ್ದರಿಂದ ಇನ್ನೊಬ್ಬನನ್ನು ಹೇಳದೆ ಬಿಡುವ ಹಾಗಿಲ್ಲ. ನಿಕೊಲಾಯ್ ಮೆಟ್ನರ್. ರಷ್ಯಾದವನು, ರಖ್ಮಾನಿನೋವ್‌ನ ಗೆಳೆಯ, ರೊಮ್ಯಾಂಟಿಕ್ ಮನೆತನದ ಕೊನೆಯ ಕುಡಿಗಳಲ್ಲಿ ಒಬ್ಬ. ಅವನ 'ನೈಟ್ ವಿಂಡ್' ಸೊನಾಟಾ ಅರ್ಧ ಗಂಟೆ ಮೀರುವ ಬಿರುಗಾಳಿ. ರಖ್ಮಾನಿನೋವ್‌ಗೇ ಅರ್ಪಿಸಿದ್ದು. ಈ ಮೆಟ್ನರ್ ಕೊನೆಗಾಲದಲ್ಲಿ ಲಂಡನ್‌ನಲ್ಲಿ ಕಾಯಿಲೆ, ಬಡತನದಲ್ಲಿದ್ದಾಗ ಅವನ ಸಂಗೀತವನ್ನು ಅವನ ಕೈಯಲ್ಲೇ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಹೌದು, 'ಶ್ರೀವಿದ್ಯಾ' ಅಂಕಿತದಲ್ಲಿ ಕೃತಿ ರಚಿಸಿದ ಅದೇ ಮಹಾರಾಜರು. ಅವರು ಪಿಯಾನೋವನ್ನೂ ಗಟ್ಟಿಯಾಗಿ ಕಲಿತವರು. 1940ರ ದಶಕದ ಕೊನೆಯ ಆ ಧ್ವನಿಮುದ್ರಣಗಳು ಈಗಲೂ ಸಿಗುತ್ತವೆ. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಮಗನಿಗೆ ಇದನ್ನು ಹೇಳಿ, ಊರಿನ ಅಭಿಮಾನಕ್ಕಾದರೂ ಕೇಳುತ್ತಾನೆ.

ಇನ್ನು ಮಗನ ವಿಷಯ. ಮೂರನೇ ಗ್ರೇಡಿನವನಿಗೆ 'ಲಾ ಕಂಪನೆಲ್ಲಾ' ಈಗಲೇ ಬೇಡ ಅನ್ನಿ. ಮನೆಯಲ್ಲಿರುವುದು 61 ಕೀಗಳ ಕೀಬೋರ್ಡ್ ಆದರೆ ಮಾತೇ ಬೇಡ, ಅದರ ಎತ್ತರದ ಸ್ವರಗಳಿಗೆ ಅಲ್ಲಿ ಕೀಯೇ ಇರುವುದಿಲ್ಲ. ಯೂಟ್ಯೂಬ್ ನೋಡಿ ಬಲವಂತವಾಗಿ ಬೆರಳು ಚಾಚಲು ಬಿಡಬೇಡಿ. ನೋವು, ಜೋಮು ಬಂದರೆ ಅವತ್ತಿಗೆ ಪಿಯಾನೋ ಮುಚ್ಚಿಸಿ, ಗುರುಗಳಿಗೆ ಹೇಳಿ. ಸ್ಕ್ರಿಯಾಬಿನ್ ಒಬ್ಬನೇ ಅಲ್ಲ, ಬೆರಳು ಬಲಪಡಿಸಲು ಹೋಗಿ ಬಲಗೈ ಹಾಳು ಮಾಡಿಕೊಂಡವರಲ್ಲಿ ಶೂಮನ್ ಕೂಡ ಇದ್ದಾನೆ.

ಆದರೆ ಹುಡುಗನಿಗೆ ಬೇಕಿರುವುದು ಆರ್ಭಟ ತಾನೆ? ಅದಕ್ಕೆ ದಾರಿ ಇದೆ. ಶೂಮನ್ ತನ್ನ ಮಕ್ಕಳಿಗೆಂದೇ ಬರೆಯಲು ಶುರು ಮಾಡಿ 1848ರಲ್ಲಿ ಮುಗಿಸಿದ 'ಆಲ್ಬಮ್ ಫಾರ್ ದ ಯಂಗ್' ತರಿಸಿ. ಅದರ ಎಂಟನೆಯದು 'ದ ವೈಲ್ಡ್ ಹಾರ್ಸ್‌ಮನ್', ಈಗಲೇ ಕೈಗೆ ಸಿಗುತ್ತದೆ. ಹನ್ನೆರಡನೆಯದು 'ಕ್ನೆಖ್ಟ್ ರುಪ್ರೆಖ್ಟ್'. ಕ್ರಿಸ್‌ಮಸ್ ಹೊತ್ತಿಗೆ ಬಂದು ತಂಟೆ ಮಕ್ಕಳನ್ನು ಹೆದರಿಸುವ ಜರ್ಮನಿಯ ಗುಮ್ಮ ಅವನು. ಎರಡೂ ಕೈ ಕೆಳಗಿನ ಸ್ಥಾಯಿಯಲ್ಲಿ ಒಟ್ಟಿಗೆ ಗುರುಗುಟ್ಟುತ್ತಾ ಓಡುತ್ತವೆ. ಒಂದೆರಡು ಗ್ರೇಡ್ ಕಳೆದ ಮೇಲೆ ಅದನ್ನು ಕೊಡಲು ಅವನ ಗುರುಗಳನ್ನು ಕೇಳಿ ನೋಡಿ. ಪಕ್ಕದ ಮನೆಯವರಿಗೆ ಮಾತ್ರ ಮೊದಲೇ ಒಂದು ಮಾತು ಹೇಳಿಬಿಡಿ.