23 ಗಾಯ, ಕೊಂದದ್ದು ಮಾತ್ರ ಒಂದು

ರೋಮ್‌ನ ಸರ್ವಾಧಿಕಾರಿ ಜೂಲಿಯಸ್ ಸೀಸರ್‌ನ ಹೆಣವನ್ನು ಪರೀಕ್ಷಿಸಿದ ವೈದ್ಯನ ಹೆಸರು ಆಂಟಿಸ್ಟಿಯಸ್. ಮೈಮೇಲೆ 23 ಇರಿತದ ಗಾಯ. ಅದರಲ್ಲಿ ಪ್ರಾಣ ತೆಗೆಯುವಂಥದ್ದು ಒಂದೇ, ಎದೆಗೆ ಬಿದ್ದ ಎರಡನೆಯ ಏಟು ಅಂತ ಅವನು ಹೇಳಿದನಂತೆ. ಒಂದೂವರೆ ಶತಮಾನಕ್ಕೂ ಜಾಸ್ತಿ ಕಾಲವಾದ ಮೇಲೆ ರೋಮನ್ ಚರಿತ್ರೆಕಾರ ಸ್ಯೂಟೋನಿಯಸ್ ಇದನ್ನು ಬರೆದಿಟ್ಟ. ನಮಗೆ ಸಿಕ್ಕಿರುವ ತೀರಾ ಹಳೆಯ ಪೋಸ್ಟ್‌ಮಾರ್ಟಮ್ ವರದಿಗಳಲ್ಲಿ ಇದೂ ಒಂದು.

ಎರಡನೆಯ ಏಟೇ ಸಾಕಾಗಿತ್ತು ಅಂದರೆ ಉಳಿದವು ಯಾಕೆ ಬೇಕಿತ್ತು?

ಕ್ರಿ.ಪೂ. 44ರ ಮಾರ್ಚ್ 15. ರೋಮ್‌ನ ಹಿರಿಯರ ಸಭೆಯಾದ ಸೆನೆಟ್ ಸೇರಿದ್ದು, ಸೀಸರ್‌ನ ಹಳೆಯ ಎದುರಾಳಿ ಪಾಂಪೆ ಕಟ್ಟಿಸಿದ ಸಭಾಂಗಣದಲ್ಲಿ. ಸೀಸರ್ ಕುಳಿತ ಕೂಡಲೇ ಸಂಚುಗಾರರಲ್ಲೊಬ್ಬನಾದ ಟಿಲಿಯಸ್ ಸಿಂಬರ್ ಏನೋ ಬೇಡಿಕೆ ಇಡುವವನ ಹಾಗೆ ಬಂದು ಅವನು ಮೈಗೆ ಸುತ್ತಿಕೊಂಡಿದ್ದ ಟೋಗಾ ಎಂಬ ಉದ್ದ ಬಟ್ಟೆಯನ್ನು ಎರಡೂ ಭುಜದ ಹತ್ತಿರ ಹಿಡಿದೆಳೆದ. ಹಿಂದಿನಿಂದ ಇನ್ನೊಬ್ಬ ಸಂಚುಗಾರ ಕಾಸ್ಕಾ ಗಂಟಲಿನ ಕೆಳಗೆ ಇರಿದ. ಸೀಸರ್ ಸುಮ್ನೆ ಕೂರಲಿಲ್ಲ. ಕಾಸ್ಕಾನ ತೋಳು ಹಿಡಿದು, ಮೇಣದ ಹಲಗೆಯ ಮೇಲೆ ಬರೆಯುವ ಚೂಪು ಕಡ್ಡಿಯಿಂದ ಚುಚ್ಚಿದ. ಎದ್ದು ನಿಲ್ಲಲು ಹೋದಾಗ ಇನ್ನೊಂದು ಇರಿತ.

ಎದೆಯ ಗಾಯ ಸಿನಿಮಾದಲ್ಲಿ ಕಾಣುವ ಹಾಗೆ ತಕ್ಷಣ ಕೊಲ್ಲಬೇಕೆಂದೇನೂ ಇಲ್ಲ. ಕತ್ತಿ ಪಕ್ಕೆಲುಬುಗಳ ಸಂದಿಯಲ್ಲಿ ನುಗ್ಗಿ ದೊಡ್ಡ ರಕ್ತನಾಳಕ್ಕೋ ಶ್ವಾಸಕೋಶಕ್ಕೋ ತಾಗಿದರೆ ರಕ್ತ ಎದೆಗೂಡಿನೊಳಗೇ ತುಂಬುತ್ತದೆ. ಹೊರಗೆ ಜಾಸ್ತಿ ಕಾಣದೆಯೂ ಇರಬಹುದು. ರಕ್ತದ ಒತ್ತಡ ಕುಸಿದು ಎಚ್ಚರ ತಪ್ಪಲು ಕೆಲವು ನಿಮಿಷ ಹಿಡಿದರೂ ಹಿಡಿದೀತು. ಆ ಹೊತ್ತಿನಲ್ಲಿ ಸೀಸರ್ ಮಾಡಿದ್ದು ನೋಡಿ: ಎಲ್ಲ ಕಡೆ ಕತ್ತಿಗಳೇ ಕಂಡಾಗ ಟೋಗಾದಿಂದ ತಲೆ ಮುಚ್ಚಿಕೊಂಡ. ಬಿದ್ದಾಗ ಮಾನವಾಗಿ ಕಾಣಲಿ ಅಂತ ಇನ್ನೊಂದು ಕೈಯಲ್ಲಿ ಅದರ ಅಂಚನ್ನು ಕಾಲಿನವರೆಗೂ ಎಳೆದುಕೊಂಡ.

ಸಂಚಿನಲ್ಲಿದ್ದವರು 60ಕ್ಕೂ ಹೆಚ್ಚು. ಕೊಲ್ಲುವುದಷ್ಟೇ ಕೆಲಸವಾಗಿದ್ದರೆ ಇಬ್ಬರು ಸಾಕಿತ್ತು, ಅಲ್ವಾ? ಆದರೆ ಎಲ್ಲರೂ ಇರಿಯಲೇಬೇಕು ಅನ್ನುವುದು ಅವರೊಳಗಿನ ಒಪ್ಪಂದ ಎನ್ನುತ್ತಾನೆ ಗ್ರೀಕ್ ಬರಹಗಾರ ಪ್ಲುಟಾರ್ಕ್. ಪ್ರತಿಯೊಬ್ಬನ ಕೈಗೂ ರಕ್ತ ಮೆತ್ತಿದರೆ ನಾಳೆ ಯಾರೂ ನುಣುಚಿಕೊಳ್ಳುವಂತಿಲ್ಲ. ಹಾಗಾಗಿ ನನಗೆ ಈ 23ರಲ್ಲಿ ಮುಕ್ಕಾಲು ಪಾಲು ಸಹಿ ಹಾಕಿದ ಹಾಗೆ ಕಾಣುತ್ತದೆ. ಒಬ್ಬ ಮನುಷ್ಯನ ಸುತ್ತ ಅಷ್ಟು ಜನ ಮುಗಿಬಿದ್ದರೆ ಗುರಿ ಎಲ್ಲಿಂದ ಬರಬೇಕು? ತಮ್ಮತಮ್ಮಲ್ಲೇ ಗಾಯ ಮಾಡಿಕೊಂಡರು. ಸಂಚಿನ ಮುಂದಾಳು ಬ್ರೂಟಸ್‌ನ ಕೈಗೇ ಏಟು ಬಿತ್ತು.

ಹೆಣವನ್ನು ಟೈಬರ್ ನದಿಗೆ ಎಸೆಯುವ ಯೋಚನೆಯೂ ಅವರಿಗಿತ್ತು. ಎಸೆದಿದ್ದರೆ ಆಂಟಿಸ್ಟಿಯಸ್‌ಗೆ ಎಣಿಸಲು ಏನೂ ಉಳಿಯುತ್ತಿರಲಿಲ್ಲ. ಆದರೆ ಸೀಸರ್‌ನ ಕಡೆಯವರಾದ ಮಾರ್ಕ್ ಆಂಟನಿ ಮತ್ತು ಲೆಪಿಡಸ್‌ಗೆ ಹೆದರಿ ಕೈಬಿಟ್ಟರು. ಸಭಾಂಗಣ ಖಾಲಿಯಾಯಿತು. ಸ್ವಲ್ಪ ಹೊತ್ತು ಹೆಣ ಅಲ್ಲೇ ಬಿದ್ದಿತ್ತು. ಆಮೇಲೆ ಮೂವರು ಗುಲಾಮರು ಅದನ್ನು ಪಲ್ಲಕ್ಕಿಯಲ್ಲಿ ಮಲಗಿಸಿ ಮನೆಗೆ ಹೊತ್ತರು. ಒಂದು ತೋಳು ಹೊರಗೆ ಜೋತಾಡುತ್ತಿತ್ತು.