ಡಿಲ್ಲಾ ಫೀಲ್: ತಾಳ ತಪ್ಪದೆ ತಪ್ಪಿದ ಹಾಗೆ ಕೇಳಿಸುವುದು

ಜಾಝ್ ಮತ್ತು ಹಿಪ್-ಹಾಪ್ ಬೆರೆಸಿ ನುಡಿಸುವ ಬ್ಯಾಂಡುಗಳ ಬಗ್ಗೆ ನಾಲ್ಕು ಸಾಲು ಓದಿದರೆ ಸಾಕು, ‘ಡಿಲ್ಲಾ ಫೀಲ್’ ಅನ್ನುವ ಮಾತು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಡ್ರಮ್ಮರ್‌ಗೆ ‘ಸ್ವಲ್ಪ ಡಿಲ್ಲಾ ಥರ ಬಾರಿಸು’ ಅನ್ನುತ್ತಾರೆ. ಕುಡಿದು ಬಾರಿಸಿದ ಹಾಗಿದೆ ಅಂತ ತಮಾಷೆ ಮಾಡುವವರೂ ಇದ್ದಾರೆ. ಅರ್ಥ ಕೇಳಿದರೆ ಮಾತ್ರ ‘ಬೀಟ್ ಸ್ವಲ್ಪ ಲೇಟಾಗಿ ಬರೋದು’ ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ನಾನು ‘ರಾಬರ್ಟ್ ಗ್ಲಾಸ್ಪರ್ ಎಕ್ಸ್‌ಪೆರಿಮೆಂಟ್’ ಬ್ಯಾಂಡಿನ ಪಕ್ಕಾ ಅಭಿಮಾನಿ. ಆ ಬ್ಯಾಂಡ್ ಯಾಕೆ ಅಷ್ಟು ಇಷ್ಟ ಅಂತ ಯಾರಾದರೂ ಕೇಳಿದರೆ ಕೊನೆಗೆ ಈ ಮಾತಿಗೇ ಬಂದು ನಿಲ್ಲುತ್ತೇನೆ. ಅದಕ್ಕೇ ಇದನ್ನು ಬಿಡಿಸಿ ಹೇಳೋಣ ಅನ್ನಿಸಿತು.

ಡಿಲ್ಲಾ ಅನ್ನುವುದು ಒಬ್ಬ ಮನುಷ್ಯನ ಹೆಸರು. ಜೇಮ್ಸ್ ಡೆವಿಟ್ ಯಾನ್ಸಿ, ಹುಟ್ಟಿದ್ದು 1974ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಹಿಪ್-ಹಾಪ್ ಲೋಕಕ್ಕೆ ಆತ ಜೇ ಡಿಲ್ಲಾ. ‘ಸ್ಲಮ್ ವಿಲೇಜ್’ ಅನ್ನುವ ಗುಂಪು ಕಟ್ಟಿದವರಲ್ಲಿ ಒಬ್ಬ. ‘ದ ಫಾರ್‌ಸೈಡ್’, ‘ಡಿ ಲಾ ಸೋಲ್’ ಗುಂಪುಗಳು, ಗಾಯಕಿ ಎರಿಕಾ ಬಡು, ರ್ಯಾಪರ್ ಕಾಮನ್ ಇವರಿಗೆಲ್ಲ ಬೀಟ್ ಮಾಡಿಕೊಟ್ಟವನು. ಬೀಟ್ ಅಂದರೆ ಇಲ್ಲಿ ಹಾಡಿನ ಹಿಂದಿನ ಪೂರ್ತಿ ಸಂಗೀತ ಅಂತಲೇ ಅರ್ಥ. ಹಳೆಯ ರೆಕಾರ್ಡುಗಳಿಂದ ತುಣುಕು ಕತ್ತರಿಸಿ ಹೊಸದಾಗಿ ಜೋಡಿಸುವುದು ಆತನ ಕಸುಬು. ಆ ರೆಕಾರ್ಡುಗಳಲ್ಲಿ ಜಾಝ್ ಜಾಸ್ತಿ. 1996ರಲ್ಲಿ ಡಿ ಲಾ ಸೋಲ್‌ಗೆ ಮಾಡಿಕೊಟ್ಟ ಒಂದು ಬೀಟಿನ ಬೆನ್ನೆಲುಬು ಪಿಯಾನೋ ವಾದಕ ಅಹ್ಮದ್ ಜಮಾಲ್ ಎಪ್ಪತ್ತರ ದಶಕದಲ್ಲಿ ನುಡಿಸಿದ ತುಣುಕು. 2006ರ ಫೆಬ್ರವರಿ 7ರಂದು, ಆತನ 32ನೇ ಹುಟ್ಟುಹಬ್ಬದ ದಿನವೇ, ‘ಡೋನಟ್ಸ್’ ಅನ್ನುವ ಆಲ್ಬಂ ಹೊರಬಂತು. ಮೂರು ದಿನ ಕಳೆದ ಮೇಲೆ ತೀರಿಕೊಂಡ. ರಕ್ತದ ಕಾಯಿಲೆ, ಜೊತೆಗೆ ಲೂಪಸ್.

ಈಗ ಯಂತ್ರದ ವಿಷಯ. ಡಿಲ್ಲಾ ಬಳಸಿದ್ದು ಅಕಾಯ್ ಕಂಪನಿಯ ಎಂಪಿಸಿ 3000. ಹದಿನಾರು ರಬ್ಬರ್ ಪ್ಯಾಡುಗಳ ಒಂದು ಪೆಟ್ಟಿಗೆ. ಒಂದು ಪ್ಯಾಡ್ ಬೆರಳಲ್ಲಿ ಒತ್ತಿದರೆ ಕಿಕ್ ಡ್ರಮ್, ಅಂದರೆ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ‘ಧಂ’; ಇನ್ನೊಂದು ಒತ್ತಿದರೆ ಸ್ನೇರ್, ಅಂದರೆ ಚಿಕ್ಕ ಡ್ರಮ್ಮಿನ ‘ಟಪ್’. ನೀವು ಒತ್ತಿದ್ದನ್ನು ಅದು ನೆನಪಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತದೆ. ಬೆರಳು ಸ್ವಲ್ಪ ಹಿಂದೆ ಮುಂದೆ ಆದರೆ ತಾನೇ ಎಳೆದು ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಇದಕ್ಕೆ ಕ್ವಾಂಟೈಸ್ ಅನ್ನುತ್ತಾರೆ. ಯಂತ್ರ ರೂಪಿಸಿದ ರೋಜರ್ ಲಿನ್ ಇನ್ನೊಂದು ಸೌಲಭ್ಯವನ್ನೂ ಕೊಟ್ಟಿದ್ದ: ಸ್ವಿಂಗ್. ಜಾಝ್‌ನಲ್ಲಿ ಬರುವ ಆ ತೂಗಾಟ ಎಷ್ಟು ಬೇಕು ಅಂತ ಶೇಕಡಾ ಲೆಕ್ಕದಲ್ಲಿ ಹೇಳಿಬಿಡಬಹುದು.

ಈ ಶೇಕಡಾ ಲೆಕ್ಕ ನಮಗೆ ಅರ್ಥ ಮಾಡಿಕೊಳ್ಳುವುದು ಬಹಳ ಸುಲಭ. ಸ್ವಿಂಗ್ ಶೇಕಡಾ 50 ಅಂದರೆ ಎರಡು ಪೆಟ್ಟುಗಳ ನಡುವಿನ ಜಾಗ ಸಮ ಸಮ. ತಕಧಿಮಿ, ತಕಧಿಮಿ. ನಮ್ಮ ಚತುರಶ್ರ, ನಾಲ್ಕರ ನಡೆ. ಶೇಕಡಾ 66ರ ಹತ್ತಿರ ಬಂದರೆ ಮೊದಲ ಪೆಟ್ಟಿಗೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು. ತಕಿಟ ಹೇಳಿಕೊಂಡು ‘ತ’ಕ್ಕೂ ‘ಟ’ಕ್ಕೂ ಮಾತ್ರ ಚಪ್ಪಾಳೆ ತಟ್ಟಿ ನೋಡಿ. ಅದೇ ಜಾಝ್ ತೂಗಾಟ, ಅಂದರೆ ತಿಶ್ರ, ಮೂರರ ನಡೆ. (ಕೊನ್ನಕ್ಕೋಲ್, ಅಂದರೆ ಬಾಯಲ್ಲೇ ಜತಿ ಹೇಳುವುದು ಗೊತ್ತಿದ್ದವರು ಜಾಝ್‌ನವರ ಜೊತೆ ಸಲೀಸಾಗಿ ಕೂರುವುದಕ್ಕೆ ಇದೂ ಒಂದು ಕಾರಣ ಇರಬೇಕು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೋ ಜೊತೆ 1983ರಲ್ಲೇ ಆಲ್ಬಂ ತಂದಿದ್ದರು.)

ಡಿಲ್ಲಾ ಮಾಡಿದ್ದು ಏನು? ಎರಡನ್ನೂ ಒಟ್ಟಿಗೆ ಇಟ್ಟ. ಹೈ-ಹ್ಯಾಟ್ (ಒಂದರ ಮೇಲೊಂದು ಕೂತ ಜೋಡಿ ಕಂಚಿನ ತಟ್ಟೆ) ಚತುರಶ್ರದಲ್ಲಿ ನೆಟ್ಟಗೆ ಓಡುತ್ತಿದ್ದರೆ, ಕಿಕ್ ಮಾತ್ರ ತಿಶ್ರದ ಕಡೆಗೆ ವಾಲಿಕೊಂಡಿರುತ್ತದೆ. ಸ್ನೇರ್ ಇರಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಮೊದಲೇ ಬೀಳುತ್ತದೆ. ಸ್ನೇರ್ ಬೇಗ ಬಂದದ್ದರಿಂದ ಉಳಿದದ್ದೆಲ್ಲ ತಡವಾದ ಹಾಗೆ ಕೇಳಿಸುತ್ತದೆ. ಮೆಟ್ಟಿಲು ಮುಗಿದಿದ್ದರೂ ಇನ್ನೊಂದು ಇದೆ ಅಂದುಕೊಂಡು ಕಾಲಿಟ್ಟಾಗ ಆಗುತ್ತಲ್ಲ, ಆ ಥರ ಒಂದು ಕ್ಷಣ ಹೊಟ್ಟೆಯೊಳಗೆ ಏನೋ ಜಾರುತ್ತದೆ. ಆದರೆ ಬೀಳುವುದಿಲ್ಲ. ತಾಳದ ಪ್ರತಿ ಆವರ್ತದಲ್ಲೂ, ಅಂದರೆ ಪ್ರತಿ ಸುತ್ತಿನಲ್ಲೂ, ಅದೇ ಜಾಗದಲ್ಲಿ ಅದೇ ಜಾರು.

ಕೂದಲೆಳೆ ಅಂದರೆ ಎಷ್ಟು ಅಂತ ಲೆಕ್ಕ ಹಾಕಬಹುದು. ಎಂಪಿಸಿ 3000 ಒಂದು ಬೀಟನ್ನು (ಇಲ್ಲಿ ಬೀಟ್ ಅಂದರೆ ತಾಳದ ಒಂದು ಎಣಿಕೆ) 96 ಭಾಗ ಮಾಡುತ್ತದೆ. ನಿಮಿಷಕ್ಕೆ 90 ಬೀಟ್ ವೇಗದ ಹಾಡಾದರೆ ಒಂದು ಭಾಗಕ್ಕೆ ಸುಮಾರು 7 ಮಿಲಿಸೆಕೆಂಡ್. ಸ್ನೇರನ್ನು ಎರಡು ಮೂರು ಭಾಗ ಸರಿಸಿದರೆ ಬರೀ ಇಪ್ಪತ್ತು ಮಿಲಿಸೆಕೆಂಡಿನ ಆಸುಪಾಸು. ಕಿವಿ ಇದನ್ನು ‘ತಪ್ಪು’ ಅಂತ ಎಣಿಸುವುದಿಲ್ಲ. ತಲೆದೂಗುವ ರೀತಿ ಮಾತ್ರ ಬದಲಾಗುತ್ತದೆ.

ಎಲ್ಲ ಕಡೆ ಓಡಾಡುವ ಕಥೆ ಏನೆಂದರೆ, ಡಿಲ್ಲಾ ಸುಮ್ನೆ ಕ್ವಾಂಟೈಸ್ ಆಫ್ ಮಾಡಿ ಮನಸ್ಸಿಗೆ ಬಂದ ಹಾಗೆ ಬೆರಳಾಡಿಸುತ್ತಿದ್ದ ಅಂತ. ನನಗಂತೂ ಈ ಕಥೆ ಕೇಳಿದರೆ ಸಿಟ್ಟು ಬರುತ್ತದೆ. ಆತ ಕೆಲವು ಸಲ ಹಾಗೆ ಬಾರಿಸಿದ್ದೂ ನಿಜ. ಆದರೆ ಯಾವ ಪೆಟ್ಟನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು, ಯಾವುದನ್ನು ಎಷ್ಟು ಸರಿಸಬೇಕು ಅಂತ ಆರಿಸಿಕೊಂಡು ಮಾಡಿದ್ದೇ ಹೆಚ್ಚು. ಡ್ಯಾನ್ ಚಾರ್ನಾಸ್ 2022ರಲ್ಲಿ ಇಡೀ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದಾರೆ. ನೇರ ನಡೆ, ಸ್ವಿಂಗ್ ನಡೆ ಬಿಟ್ಟರೆ ಇದು ಮೂರನೆಯದೇ ಒಂದು ನಡೆ ಅನ್ನುವುದು ಅವರ ಮಾತು. ಅದನ್ನು ‘ಡಿಲ್ಲಾ ಟೈಮ್’ ಎಂದು ಕರೆದರು. ಡಿಲ್ಲಾ ಫೀಲ್ ಅಂದರೂ ಡಿಲ್ಲಾ ಟೈಮ್ ಅಂದರೂ ಒಂದೇ. ಡ್ರಮ್ಮರ್‌ಗಳ ಬಾಯಲ್ಲಿ ಮೊದಲನೆಯದೇ ಜಾಸ್ತಿ.

ಯಂತ್ರದಲ್ಲಿ ಹುಟ್ಟಿದ್ದನ್ನು ಮನುಷ್ಯರು ಕೈಯಲ್ಲಿ ಕಲಿತದ್ದು ಈ ಕಥೆಯ ಸ್ವಾರಸ್ಯ. ಫಿಲಡೆಲ್ಫಿಯಾದ ‘ದ ರೂಟ್ಸ್’ ಬ್ಯಾಂಡಿನ ಡ್ರಮ್ಮರ್ ಕ್ವೆಸ್ಟ್‌ಲವ್ ಗಡಿಯಾರದಷ್ಟು ಕರಾರುವಾಕ್ಕಾಗಿ ಬಾರಿಸುತ್ತಾನೆಂದು ಹೆಸರಾದವನು. ಗಾಯಕ ಡಿ’ಏಂಜೆಲೋನ ‘ವೂಡೂ’ ಆಲ್ಬಂಗೆ ಕೂತಾಗ ಆ ಗಡಿಯಾರವನ್ನು ಬೇಕಂತಲೇ ಕೆಡಿಸಿಕೊಳ್ಳಬೇಕಾಯಿತು. 2000ದ ಜನವರಿಯಲ್ಲಿ ಹೊರಬಂದ ಆ ಆಲ್ಬಂನಲ್ಲಿ ಪೀನೋ ಪಲಾಡಿನೋನ ಬೇಸ್ ಗಿಟಾರ್ ಡ್ರಮ್ಮಿನ ಹಿಂದೆ ಎಷ್ಟು ಆರಾಮಾಗಿ ಕಾಲೆಳೆದುಕೊಂಡು ಬರುತ್ತದೆ ಅಂದರೆ, ಮೊದಲ ಸಲ ಕೇಳುವವರಿಗೆ ಪ್ಲೇಯರ್ ಕೆಟ್ಟಿದೆಯಾ ಅನ್ನಿಸಬಹುದು.

ಇನ್ನು ನನ್ನ ಬ್ಯಾಂಡ್. ರಾಬರ್ಟ್ ಗ್ಲಾಸ್ಪರ್ ಹ್ಯೂಸ್ಟನ್‌ನವನು, ಪಿಯಾನೋ ವಾದಕ. ನ್ಯೂಯಾರ್ಕ್‌ನಲ್ಲಿ ಓದುವಾಗ ಗಾಯಕ ಬಿಲಾಲ್ ಗೆಳೆಯನಾದ, ಅವನ ಮೂಲಕ ಡಿಲ್ಲಾ ಪರಿಚಯ. ಡಿಲ್ಲಾ ತೀರಿಕೊಂಡ ಮರುವರ್ಷ, 2007ರಲ್ಲಿ, ಗ್ಲಾಸ್ಪರ್ ತನ್ನ ಮೂವರ ಜಾಝ್ ತಂಡದಲ್ಲಿ ಡಿಲ್ಲಾ ಬೀಟುಗಳನ್ನು ಒಂದರ ಹಿಂದೆ ಒಂದು ಪೋಣಿಸಿ ನುಡಿಸಿದ. ಇದನ್ನು ಕೇಳಿದಾಗ ತಲೆ ತಿರುಗುತ್ತದೆ. ಡಿಲ್ಲಾ ಜಾಝ್ ಪಿಯಾನೋದಿಂದ ತುಣುಕು ಎತ್ತಿ, ಮತ್ತೆ ಮತ್ತೆ ಸುತ್ತಿ ಬರುವ ಲೂಪ್ ಮಾಡುತ್ತಿದ್ದ. ಇಲ್ಲಿ ಜಾಝ್ ಪಿಯಾನೋ ವಾದಕನೇ ಲೂಪಿನ ಹಾಗೆ ನುಡಿಸುತ್ತಿದ್ದಾನೆ. ಅದೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ), ಮತ್ತೆ ಅದೇ ನಾಲ್ಕು ಕಾರ್ಡ್, ರೆಕಾರ್ಡ್ ಸುತ್ತುತ್ತಿರುವ ಹಾಗೆ. ಸೋಲೋ ಬಾರಿಸಿ ಚಪ್ಪಾಳೆ ಗಿಟ್ಟಿಸಬಹುದಾದವನು ಸುಮ್ಮನೆ ಕೂತು ಲೂಪ್ ಆಗಿಬಿಡುತ್ತಾನೆ.

ಎಕ್ಸ್‌ಪೆರಿಮೆಂಟ್ ತಂಡದಲ್ಲಿ ಬೇಸ್‌ಗೆ ಡೆರಿಕ್ ಹಾಜ್, ಸ್ಯಾಕ್ಸೊಫೋನ್ ಮತ್ತು ವೋಕೋಡರ್‌ಗೆ (ದನಿಯನ್ನು ಯಂತ್ರದ ದನಿಯ ಹಾಗೆ ಮಾಡುವ ಉಪಕರಣ) ಕೇಸಿ ಬೆಂಜಮಿನ್, ಡ್ರಮ್ಸ್‌ಗೆ ಕ್ರಿಸ್ ಡೇವ್ ಇದ್ದರು. 2012ರಲ್ಲಿ ಇವರು ಬ್ಲೂ ನೋಟ್ ರೆಕಾರ್ಡ್ ಕಂಪನಿಗೆ ಮಾಡಿದ ‘ಬ್ಲ್ಯಾಕ್ ರೇಡಿಯೋ’ ಆಲ್ಬಂಗೆ ಗ್ರ್ಯಾಮಿ ಬಂತು. ಅದೂ ಜಾಝ್ ವಿಭಾಗದಲ್ಲಲ್ಲ, ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ವಿಭಾಗದಲ್ಲಿ! ಎರಿಕಾ ಬಡು ಹಾಡಿದ ‘ಆಫ್ರೋ ಬ್ಲೂ’ ಅದರಲ್ಲಿದೆ. ಮೊಂಗೊ ಸಾಂತಮರಿಯಾ ರಚಿಸಿದ ಮೂಲ ಕೃತಿ ಓಡುವುದು ಮೂರರ ನಡೆಯಲ್ಲಿ. ಎಕ್ಸ್‌ಪೆರಿಮೆಂಟ್‌ನವರು ಅದನ್ನು ಹಿಪ್-ಹಾಪ್‌ನ ನಾಲ್ಕಕ್ಕೆ ತಂದು ಕೂರಿಸಿದ್ದಾರೆ.

ಕ್ರಿಸ್ ಡೇವ್ ಬಗ್ಗೆ ಎಷ್ಟು ಬೇಕಾದರೂ ಬರೆಯಬಲ್ಲೆ. ಸ್ನೇರ್ ಪೆಟ್ಟು ಒಣ ಕಡ್ಡಿ ಮುರಿದಷ್ಟು ಚಿಕ್ಕದು. ಹೈ-ಹ್ಯಾಟನ್ನು ನೆಟ್ಟಗೆ ಬಿಟ್ಟುಕೊಂಡೇ ಕಿಕ್ಕನ್ನು ಎಳೆಯುತ್ತಾನೆ. ನಡುವೆ ಇದ್ದಕ್ಕಿದ್ದಂತೆ ವೇಗ ಕುಸಿದ ಹಾಗೆ, ರೆಕಾರ್ಡಿನ ಮೇಲೆ ಯಾರೋ ಕೈ ಇಟ್ಟ ಹಾಗೆ ಮಾಡಿ ತೋರಿಸುತ್ತಾನೆ. ಎರಡು ಆವರ್ತ ಕಳೆದು ಎಲ್ಲರೂ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ನಿಂತಾಗಲೇ ನಮಗೆ ಗೊತ್ತಾಗುವುದು, ಒಳಗಿನ ಲೆಕ್ಕ ಒಂದು ಕ್ಷಣವೂ ತಪ್ಪಿರಲಿಲ್ಲ ಅಂತ.

ತೊಂಬತ್ತರ ದಶಕದ ಶುರುವಿನ ಜಾಝ್-ರ್ಯಾಪ್‌ಗಿಂತ ಇದು ಬೇರೆ ಅನ್ನಿಸುವುದು ಇಲ್ಲೇ. ಆಗಲೂ ಒಳ್ಳೆಯ ಕೆಲಸ ನಡೆದಿತ್ತು. ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ನವರು 1991ರ ಆಲ್ಬಂಗೆ ಬೇಸ್ ದಿಗ್ಗಜ ರಾನ್ ಕಾರ್ಟರ್ ಅವರನ್ನೇ ಕರೆಸಿ ನುಡಿಸಿದ್ದರು. ಆದರೆ ಎಷ್ಟೋ ಜನ ರ್ಯಾಪ್ ಬೀಟಿನ ಮೇಲೆ ಒಂದು ಸ್ಯಾಕ್ಸೊಫೋನ್ ಕೂರಿಸಿ ಜಾಝ್ ಆಯಿತು ಅಂದುಕೊಂಡರು. ಒಡವೆ ಬಂತು, ನಡೆ ಬದಲಾಗಲಿಲ್ಲ. ಡಿಲ್ಲಾ ಫೀಲ್‌ನಲ್ಲಿ ಬೆರೆತಿರುವುದು ವಾದ್ಯಗಳಲ್ಲ, ಕಾಲದ ಎರಡು ಲೆಕ್ಕಗಳು. ವಾದ್ಯಗಳನ್ನು ಬೇರೆ ಬೇರೆ ಮಾಡಿಬಿಡಬಹುದು. ಇದನ್ನು ಹಾಗೆ ಬಿಡಿಸಲು ಬರುವುದಿಲ್ಲ.

ಈಗ ಈ ಫೀಲ್ ಎಲ್ಲೆಂದರಲ್ಲಿ ಇದೆ. ಓದುವಾಗ ಹಿನ್ನೆಲೆಗೆ ಹಾಕಿಕೊಳ್ಳುವ ಲೋ-ಫೈ ಬೀಟುಗಳೆಲ್ಲ ಇದರ ಮೊಮ್ಮಕ್ಕಳು. ಸಾಫ್ಟ್‌ವೇರ್‌ಗಳಲ್ಲಿ ಎಂಪಿಸಿ ಸ್ವಿಂಗ್ ಅಂತ ರೆಡಿಮೇಡ್ ಆಯ್ಕೆಯೇ ಸಿಗುತ್ತದೆ. ಅದನ್ನು ಹಾಕಿದರೆ ಎಲ್ಲ ವಾದ್ಯವೂ ಒಟ್ಟಿಗೆ ಒಂದೇ ಅಳತೆಯಲ್ಲಿ ವಾಲುತ್ತವೆ, ಜಾರು ಮಾತ್ರ ಸಿಗುವುದಿಲ್ಲ. ಒಂದಾದರೂ ನೆಟ್ಟಗೆ ನಿಂತಿದ್ದರೆ ತಾನೇ ಇನ್ನೊಂದು ವಾಲಿದ್ದು ಗೊತ್ತಾಗುವುದು?

ಕೇಳಿ ನೋಡುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಿ, ಫೋನ್ ಸ್ಪೀಕರ್‌ನಲ್ಲಿ ಕಿಕ್ ಕೇಳಿಸುವುದೇ ಇಲ್ಲ. ಮೊದಲು ವೂಡೂ, ಆಮೇಲೆ ಬ್ಲ್ಯಾಕ್ ರೇಡಿಯೋ. ಪಿಯಾನೋ, ಹಾಡು ಎರಡನ್ನೂ ಸ್ವಲ್ಪ ಹೊತ್ತು ಮರೆತು ಹೈ-ಹ್ಯಾಟ್ ಒಂದನ್ನೇ ಹಿಡಿದು ಬೆರಳಲ್ಲಿ ತಕಧಿಮಿ ತಟ್ಟುತ್ತಾ ಹೋಗಿ. ಅದು ಕೈಗೆ ಕೂತ ಮೇಲೆ ಬೆರಳು ನಿಲ್ಲಿಸದೆ ಕಿಕ್ ಕಡೆ ಕಿವಿ ಕೊಡಿ.